ಓದುಗರ ಪ್ರಶ್ನೆ: ಪಿತೂರಿ ಕಥೆಗೆ ನಾಯಕಿಯೇ ಯಾಕೆ?

ಪ್ರಶ್ನೆ: ಬೇಹುಗಾರಿಕೆ, ಮುಚ್ಚಿಟ್ಟ ಕಡತ, ಸರ್ಕಾರದೊಳಗಿನ ಪಿತೂರಿ, ಇಂಥ ಸರಣಿ ಅಂದರೆ ನನಗೆ ಪ್ರಾಣ. ಆದರೆ ನಾಯಕಿ ಗಟ್ಟಿಗಿತ್ತಿ ಆಗಿದ್ದರೆ ಇಡೀ ಸೀಸನ್ ಒಂದೇ ಏಟಿಗೆ ಮುಗಿಸುತ್ತೇನೆ, ನಾಯಕ ಇದ್ದರೆ ಎರಡನೇ ಎಪಿಸೋಡಿಗೇ ಆಕಳಿಕೆ. ಇದು ನನ್ನ ಪಕ್ಷಪಾತವಾ?

ಉತ್ತರ: ಸ್ವಲ್ಪ ಇರಬಹುದು, ಇರಲಿ ಬಿಡಿ. ಆದರೆ ಕಾರಣ ಕಥೆಯೊಳಗೂ ಇದೆ. ಇಂಥ ಕಥೆಯಲ್ಲಿ ಒಬ್ಬರಿಗೆ ಸತ್ಯದ ವಾಸನೆ ಸಿಕ್ಕಿರುತ್ತದೆ, ಉಳಿದ ಯಾರೂ ನಂಬುವುದಿಲ್ಲ. ಆ ಒಬ್ಬರು ಗಂಡಸಾದರೆ ಅವನ ಮಾತನ್ನು ಯಾಕೆ ಯಾರೂ ಕೇಳುವುದಿಲ್ಲ ಅಂತ ತೋರಿಸಲು ಬರೆಯುವವರು ಹೆಣಗಬೇಕು. ಅವನನ್ನು ಕುಡುಕನನ್ನಾಗಿ ಮಾಡಬೇಕು, ಕೆಲಸದಿಂದ ತೆಗೆಸಬೇಕು, ಸುಳ್ಳು ಕೇಸು ಹಾಕಿಸಬೇಕು. ಹೆಣ್ಣಾದರೆ ಮೀಟಿಂಗಿನಲ್ಲಿ ಬಾಯಿ ತೆಗೆದ ಕೂಡಲೇ ಒಬ್ಬ 'ಸ್ವಲ್ಪ ಸಮಾಧಾನ ಮಾಡ್ಕೋಮ್ಮ' ಅಂದರೆ ಮುಗೀತು, ನೋಡುವವರಿಗೆ ಎಲ್ಲ ಅರ್ಥವಾಗುತ್ತದೆ.

2011ರಲ್ಲಿ ಶುರುವಾದ 'ಹೋಮ್‌ಲ್ಯಾಂಡ್' ತಗೊಳ್ಳಿ. (ನೋಡಿಲ್ಲದವರು ಮುಂದಿನ ಪ್ರಶ್ನೆಗೆ ಹೋಗಿ, ಗುಟ್ಟು ಬಿಚ್ಚುತ್ತಿದ್ದೇನೆ.) ಎಂಟು ವರ್ಷ ಸೆರೆಯಲ್ಲಿದ್ದು ಬಂದ ಸೈನಿಕನನ್ನು ಇಡೀ ಅಮೆರಿಕ ಹೀರೋ ಅಂತ ಹೊತ್ತು ಮೆರೆಸುತ್ತಿದೆ. ಅವನು ಶತ್ರುಗಳ ಕಡೆ ವಾಲಿದ್ದಾನೆ ಅಂತ ಗುಮಾನಿ ಇರುವುದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಕ್ಯಾರಿ ಮ್ಯಾಥಿಸನ್‌ಗೆ ಮಾತ್ರ. ಅವಳಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ವಿಪರೀತ ಕುಗ್ಗುತ್ತದೆ), ಆಫೀಸಿಗೆ ಗೊತ್ತಾಗದ ಹಾಗೆ ಮಾತ್ರೆ ನುಂಗುತ್ತಿರುತ್ತಾಳೆ. ಅವನ ಮನೆಯಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ಇಡಿಸುತ್ತಾಳೆ, ಅಂದರೆ ಒಳ್ಳೆ ಹುಡುಗಿ ಏನೂ ಅಲ್ಲ. ಮೊದಲ ಸೀಸನ್ನಿನ ಕೊನೆಕೊನೆಗೆ ಕಾಯಿಲೆ ಉಲ್ಬಣಿಸಿ, ಬಣ್ಣಬಣ್ಣದ ಪೆನ್ನಿನಲ್ಲಿ ಗೀಚಿದ ಕಾಗದ ಹರಡಿಕೊಂಡು ಒಂದೇ ಸಮನೆ ಮಾತಾಡುತ್ತಾಳೆ. ಅವಳ ಗುರು ಸಾಲ್ ಆ ಹಾಳೆಗಳನ್ನು ಬಣ್ಣದ ಪ್ರಕಾರ ಗೋಡೆಗೆ ಅಂಟಿಸುತ್ತಾ ಹೋಗುತ್ತಾನೆ. ನೋಡಿದರೆ, ಯಾವುದಾದ ಮೇಲೆ ಯಾವುದು ನಡೆಯಿತು ಅನ್ನುವ ಪೂರ್ತಿ ಲೆಕ್ಕ ಅಲ್ಲಿದೆ! ಆಮೇಲೆ ಅವಳು ಶಾಕ್ ಚಿಕಿತ್ಸೆಗೆ ಮಲಗುತ್ತಾಳೆ. ಅರಿವಳಿಕೆ ಏರುವ ಹೊತ್ತಿಗೆ ಬೇಕಾಗಿದ್ದ ಸುಳಿವು ಥಟ್ಟನೆ ಹೊಳೆಯುತ್ತದೆ, ಆದರೆ ಯಾರಿಗಾದರೂ ಹೇಳುವಷ್ಟರಲ್ಲಿ ಕಣ್ಣು ಮುಚ್ಚಿಹೋಗುತ್ತದೆ.

ನನ್ನ ಮಟ್ಟಿಗೆ ಗಟ್ಟಿತನ ಅಂದರೆ ಇದು. ಆಫೀಸು ನಂಬುವುದಿಲ್ಲ, ತನ್ನ ತಲೆಯನ್ನೂ ಪೂರ್ತಿ ನಂಬುವ ಹಾಗಿಲ್ಲ, ಆದರೂ ಹಿಡಿದ ಎಳೆ ಬಿಡುವುದಿಲ್ಲ. ಇಷ್ಟಾದ ಮೇಲೂ ಕ್ಯಾರಿಯ ಪಾತ್ರ ಮಾಡಿದ ಕ್ಲೇರ್ ಡೇನ್ಸ್ ಅಳುವುದು ಜಾಸ್ತಿ ಅಂತ ಗೊಣಗುವವರಿದ್ದಾರೆ. 2012, 2013 ಎರಡೂ ವರ್ಷ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಸಿಕ್ಕಿದ್ದು ಅವರಿಗೇ.

ಪ್ರಶ್ನೆ: 'ದಿ ಎಕ್ಸ್-ಫೈಲ್ಸ್'ನ ಸ್ಕಲಿಯನ್ನು ಎಲ್ಲರೂ ಹೊಗಳುತ್ತಾರೆ. ಅವಳು ಏನನ್ನೂ ನಂಬುವುದಿಲ್ಲ, ಕೊನೆಗೆ ಅವಳ ಜೊತೆಗಾರ ತನಿಖಾಧಿಕಾರಿ ಮಲ್ಡರ್ ಹೇಳಿದ್ದೇ ನಿಜವಾಗುತ್ತದೆ. ಮತ್ತೆ ಅವಳ ಹೆಚ್ಚುಗಾರಿಕೆ ಏನು?

ಉತ್ತರ: ಮಲ್ಡರ್ ಗೆಲ್ಲುವುದು ಹೌದು. ಅನ್ಯಗ್ರಹದವರು ಇದ್ದಾರೆ ಅಂತಲೇ ಬರೆದ ಕಥೆಯಲ್ಲಿ ಅವನು ಗೆಲ್ಲದೆ ಇನ್ನೇನು! ಆದರೆ ಅವಳಿಲ್ಲದಿದ್ದರೆ ಅವನದು ಬರೀ ನಂಬಿಕೆ. ಅವಳು ವೈದ್ಯೆ. ಅವನ ಕೆಲಸದ ಮೇಲೆ ಕಣ್ಣಿಡಲು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರೇ ಕಳಿಸಿದವಳು. ಕೈಗವಸು ಹಾಕಿಕೊಂಡು ಹೆಣ ಕೊಯ್ಯುತ್ತಾ, ಕಂಡದ್ದನ್ನೆಲ್ಲ ರೆಕಾರ್ಡರಿಗೆ ಒಂದೇ ದನಿಯಲ್ಲಿ ಹೇಳುತ್ತಾ ಹೋಗುವ ಸ್ಕಲಿಯನ್ನು ನೆನಪಿಸಿಕೊಳ್ಳಿ. 'ಇದು ಏನು ಅಂತ ನನಗೆ ವಿವರಿಸೋಕೆ ಆಗ್ತಿಲ್ಲ' ಅಂತ ಅವಳು ಅಂದಾಗ ನಮ್ಮ ಮೈ ಜುಮ್ಮೆನ್ನುತ್ತದೆ, ಮಲ್ಡರ್ ಅಂದರೆ ಹಾಗಾಗುವುದಿಲ್ಲ, ಅಲ್ವಾ? ಮುಂದೆ, ಅವಳನ್ನು ಅಪಹರಿಸಿದವರು ಹುದುಗಿಸಿಟ್ಟ ಚಿಪ್ ಅವಳ ಕುತ್ತಿಗೆಯಲ್ಲೇ ಸಿಗುತ್ತದೆ. ಬೇರೆಯವರಿಂದ ಸಾಕ್ಷಿ ಕೇಳುತ್ತಿದ್ದವಳ ಮೈಯೇ ಸಾಕ್ಷಿ ಆಗಿಬಿಡುತ್ತದೆ.

1993ರಲ್ಲಿ ಸರಣಿ ಶುರುವಾದಾಗ ಅಂಥ ಪಾತ್ರ ಟಿವಿಯಲ್ಲಿ ತೀರಾ ಕಡಿಮೆ. ಅಮೆರಿಕದಲ್ಲಿ 2018ರ ಒಂದು ಸಮೀಕ್ಷೆಯಲ್ಲಿ, ವಿಜ್ಞಾನ, ತಂತ್ರಜ್ಞಾನ ಕ್ಷೇತ್ರದ ಹೆಂಗಸರಲ್ಲಿ ಸುಮಾರು ಮೂರನೇ ಎರಡು ಭಾಗ ಸ್ಕಲಿ ತಮಗೆ ಮಾದರಿ ಅಂದರು. ಅದರಲ್ಲಿ ಆಗ ಸರಣಿಯ ಒಡೆಯರಾಗಿದ್ದ ಫಾಕ್ಸ್ ಕಂಪನಿಯ ಪಾಲೂ ಇತ್ತು, ಹಾಗಾಗಿ ಸ್ವಲ್ಪ ತೂಗಿ ನೋಡಿ. ತೆರೆಯ ಹಿಂದಿನ ಕಥೆ ಬೇರೆಯೇ. ಜೋಡಿ ನಟನಷ್ಟು ಸಂಬಳ ಪಡೆಯಲು ಸ್ಕಲಿಯ ಪಾತ್ರ ಮಾಡಿದ ಗಿಲಿಯನ್ ಆಂಡರ್ಸನ್‌ಗೆ ಮೂರು ವರ್ಷ ಹಿಡಿಯಿತು. 2016ರಲ್ಲಿ ಸರಣಿ ಮತ್ತೆ ಬಂದಾಗಲೂ ಮೊದಲು ಅರ್ಧದಷ್ಟೇ ಕೊಡುತ್ತೇವೆ ಅಂದಿದ್ದರಂತೆ, ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಪ್ರಶ್ನೆ: ಹತ್ತು ಜನರನ್ನು ಒಬ್ಬಳೇ ಹೊಡೆದು ಹಾಕುವ ನಾಯಕಿ ನಿಮಗೆ ಇಷ್ಟ ಇಲ್ವಾ?

ಉತ್ತರ: ಇಷ್ಟವೇ, ಆದರೆ ಬರೀ ಏಟಿಗೆ ಐದಾರು ಎಪಿಸೋಡ್ ಓಡಬಹುದು ಅಷ್ಟೇ. 2001ರ 'ಏಲಿಯಾಸ್' ಅಂದರೆ ಜನ ನಾಯಕಿ ಸಿಡ್ನಿಯ ವಿಗ್ಗು, ಹೊಡೆದಾಟ ಅನ್ನುತ್ತಾರೆ. ನನಗೆ ಹಿಡಿಸಿದ್ದು ಬೇರೆ. ತಾನು ಇಷ್ಟು ದಿನ ಸಿಐಎ ಅಂದುಕೊಂಡು ದುಡಿದದ್ದು ಶತ್ರುಗಳ ಸಂಸ್ಥೆಗೆ ಅಂತ ಗೊತ್ತಾದ ಮೇಲೂ ಅವಳು ಅದೇ ಆಫೀಸಿಗೆ ಹೋಗಿ, ತಾನು ಮದುವೆಯಾಗಬೇಕಿದ್ದವನನ್ನು ಕೊಲ್ಲಿಸಿದ ಬಾಸ್ ಎದುರು ಕೂತು ವರದಿ ಒಪ್ಪಿಸುತ್ತಾಳೆ, ಮುಖದಲ್ಲಿ ಏನೂ ತೋರಿಸದೆ. ಮೊದಲ ಎರಡು ಸೀಸನ್ ಮಾತ್ರ ನೋಡಿ. ಆಮೇಲೆ ಕಥೆ ದಾರಿ ತಪ್ಪಿದೆ ಅಂತ ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಪತ್ರ ಬರೆಯಬಹುದು.