ಬ್ಯಾಟರಿ ಸತ್ತಿದೆಯೋ, ಹಸಿದಿದೆಯೋ?

ಪ್ರಶ್ನೆ: ನಾನು ಉಡುಪಿಯ ಕಡಿಯಾಳಿಯಲ್ಲಿರುವ ನಿವೃತ್ತ ಅಧ್ಯಾಪಕ. ನಮ್ಮ ಪೆಟ್ರೋಲ್ ಕಾರು ವಾರಕ್ಕೆ ಎರಡು ಸಲ ಮಣಿಪಾಲಕ್ಕೋ ರಥಬೀದಿಯ ಕಡೆಗೋ ಹೋಗಿ ಬರುವುದಷ್ಟೆ. ಈ ಮಳೆಗಾಲದಲ್ಲಿ ಎರಡು ಬಾರಿ ಬ್ಯಾಟರಿ ಪೂರ್ತಿ ಇಳಿದು, ಕೀ ತಿರುಗಿಸಿದರೆ ಟಕ್ ಟಕ್ ಸದ್ದು ಮಾತ್ರ ಬಂತು. ದಿನಾ ಬೆಳಿಗ್ಗೆ ಐದು ನಿಮಿಷ ಎಂಜಿನ್ ಚಾಲೂ ಇಡುತ್ತಿದ್ದರೂ ಹೀಗಾಗಿದೆ. ಗ್ಯಾರೇಜಿನವರು ಬ್ಯಾಟರಿ ಕೆಟ್ಟಿದೆ, ಬದಲಿಸಿ ಎನ್ನುತ್ತಾರೆ. ಎರಡೂವರೆ ವರ್ಷದ ಈ ಬ್ಯಾಟರಿಯನ್ನು ಬದಲಿಸಲೇಬೇಕೇ? ನೆರೆಮನೆಯ ಕಾರಿನಿಂದ ಕೇಬಲ್ ಹಾಕುವ ಸರಿಯಾದ ಕ್ರಮ ಯಾವುದು?

ಉತ್ತರ: ಈಗಲೇ ಬದಲಿಸಬೇಡಿ. ನೀವು ಬರೆದದ್ದನ್ನು ನೋಡಿದರೆ ಬ್ಯಾಟರಿ ಕೆಟ್ಟಿರುವುದಕ್ಕಿಂತ ಹಸಿದಿರುವ ಸಾಧ್ಯತೆಯೇ ಹೆಚ್ಚು, ಮತ್ತು ಆ ಐದು ನಿಮಿಷದ ಉಪಚಾರದಿಂದ ಅದರ ಹೊಟ್ಟೆ ತುಂಬುವುದಿಲ್ಲ. ಸ್ಟಾರ್ಟ್ ಮಾಡಲು ಖರ್ಚಾಗುವ ಚಾರ್ಜು ನಿಜಕ್ಕೂ ಅಲ್ಪವೇ. ತೊಂದರೆ ಇರುವುದು ಅನಂತರದಲ್ಲಿ. ನಿಂತಲ್ಲೇ ನಿಧಾನವಾಗಿ ತಿರುಗುವ ಎಂಜಿನ್ನಿನಲ್ಲಿ ಆಲ್ಟರ್ನೇಟರ್ (ಎಂಜಿನ್ನಿನ ಬಲದಿಂದ ತಿರುಗಿ ಬ್ಯಾಟರಿಗೆ ಕರೆಂಟು ಕೊಡುವ ಯಂತ್ರ) ತನ್ನ ಸಾಮರ್ಥ್ಯದ ಒಂದು ಭಾಗವನ್ನಷ್ಟೇ ಕೊಡುತ್ತದೆ, ಆಟಿಯ ಮಳೆಯಲ್ಲಿ ವೈಪರ್, ಹೆಡ್‌ಲೈಟ್, ಗಾಜಿನ ಮಂಜು ತೆಗೆಯುವ ಬ್ಲೋವರ್ ಎಲ್ಲವೂ ಒಟ್ಟಿಗೆ ಓಡುವಾಗ ಅದರಲ್ಲಿ ಬ್ಯಾಟರಿಯ ಪಾಲಿಗೆ ಉಳಿಯುವುದು ಕಡಿಮೆ. ಕಲ್ಸಂಕದ ವಾಹನ ಸಾಲಿನಲ್ಲಿ ಕಾಯುವಾಗಲೂ ಇದೇ ಕಥೆ. ಅರ್ಧ ಖಾಲಿಯಾಗಿಯೇ ವಾರಗಟ್ಟಲೆ ಇರುವ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ಮೊದಲು ಅಳೆಯಿರಿ. ವೋಲ್ಟ್ ತೋರಿಸುವ ಸಾಮಾನ್ಯ ಮಲ್ಟಿಮೀಟರ್ ಸಾಕು. ಬ್ಯಾಟರಿಯನ್ನು ಚಾರ್ಜರಿನಿಂದ ಪೂರ್ತಿ ಚಾರ್ಜ್ ಮಾಡಿಸಿ (ಆಂಪಿಯರ್-ಅವರ್ ಎಂಬುದು ಚಾರ್ಜಿನ ಅಳತೆ; 35 ಆಂಪಿಯರ್-ಅವರ್ ಬ್ಯಾಟರಿ ಖಾಲಿಯಿದ್ದರೆ 4 ಆಂಪಿಯರ್ ಚಾರ್ಜರಿಗೆ ಸುಮಾರು ಹತ್ತು ತಾಸು ಬೇಕು), ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಎಂದರೆ ಅರ್ಧಕ್ಕೆ ಇಳಿದಿದೆ, 12ಕ್ಕಿಂತ ಕೆಳಗಾದರೆ ಬಹುಪಾಲು ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಬರಬೇಕು. ಬಾರದಿದ್ದರೆ ದೋಷ ಆಲ್ಟರ್ನೇಟರಿನದೋ ಅದರ ಬೆಲ್ಟಿನದೋ ಇರಬಹುದು, ಹೊಸ ಬ್ಯಾಟರಿ ಹಾಕಿದರೆ ಅದೂ ಇಳಿಯುತ್ತದೆ.

ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ, ಕಂಪ್ಯೂಟರುಗಳು ಸ್ವಲ್ಪ ಕರೆಂಟು ಕುಡಿಯುತ್ತವೆ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಕಳ್ಳನನ್ನು ಹುಡುಕಬೇಕು. ಕಳೆದ ಮಳೆಗಾಲದಲ್ಲಿ ಮಲ್ಪೆಯ ಪರಿಚಿತರೊಬ್ಬರ ಕಾರು ಮೂರು ದಿನಕ್ಕೊಮ್ಮೆ ಮಲಗುತ್ತಿತ್ತು. ಫೋನಿನ ವಿಡಿಯೊ ಚಾಲೂ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ, ಆಮೇಲೆ ನೋಡಿದರೆ ಒಳಗಿನ ಪುಟ್ಟ ದೀಪ ಆರಿರಲೇ ಇಲ್ಲ. ಐದು ವಾಟ್ ಬಲ್ಬ್ ಒಂದು ದಿನಕ್ಕೆ ಸುಮಾರು 10 ಆಂಪಿಯರ್-ಅವರ್ ತಿನ್ನುತ್ತದೆ. ಡ್ಯಾಶ್ ಕ್ಯಾಮೆರಾ, ಹೊರಗಿನಿಂದ ಕೂಡಿಸಿದ ಮ್ಯೂಸಿಕ್ ಸಿಸ್ಟಂ ಇದ್ದರೆ ಅವನ್ನೂ ಸಂಶಯಿಸಿ.

ಕರಾವಳಿಯಲ್ಲಿ ಇನ್ನೊಂದು ಕಾಟ ಉಪ್ಪು ಗಾಳಿಯದು. ಟರ್ಮಿನಲ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್, ಬಳಿಕ ಪ್ಲಸ್ ಕಳಚಿ, ಬಿಸಿನೀರಿಗೆ ಅಡುಗೆ ಸೋಡ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಕೂಡಿಸುವಾಗ ಮೈನಸ್ಸನ್ನು ಕೊನೆಗೆ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಸೋಡದ ನೀರು ಬ್ಯಾಟರಿಯೊಳಗೆ ಹೋಗಬಾರದು. ನೀರು ತುಂಬುವ ಬಗೆಯ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬಾವಿಯ ನೀರು ಎಷ್ಟೇ ತಿಳಿಯಿದ್ದರೂ ಬೇಡ.

ಕೇಬಲ್ ಹಾಕುವಾಗ ಎರಡೂ ಕಾರುಗಳನ್ನು ಆಫ್ ಮಾಡಿ, ಒಂದಕ್ಕೊಂದು ತಾಗದಂತೆ ನಿಲ್ಲಿಸಿ. ಕೆಂಪು ಕೇಬಲ್ಲಿನ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಒಳ್ಳೆಯದರ ಪ್ಲಸ್ಸಿಗೆ. ಕಪ್ಪಿನ ಒಂದು ತುದಿ ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ನಿಮ್ಮ ಎಂಜಿನ್ನಿನ ಬಣ್ಣ ಹಚ್ಚದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದು ಸಹಜ, ಬ್ಯಾಟರಿಯ ಬಳಿ ಹೈಡ್ರೋಜನ್ ಅನಿಲವಿರಬಹುದು, ಹಾಗಾಗಿ ಈ ಅಂತರ. ಅವರ ಕಾರನ್ನು ಐದು ನಿಮಿಷ ಓಡಿಸಿ ನಿಮ್ಮದನ್ನು ಸ್ಟಾರ್ಟ್ ಮಾಡಿ, ಹಾಕಿದ್ದಕ್ಕೆ ತಿರುವುಮುರುವಾದ ಕ್ರಮದಲ್ಲಿ ಬಿಡಿಸಿ. ಸುರಿಯುವ ಮಳೆಯಲ್ಲಿ ಈ ಸಾಹಸ ಬೇಡ.

ಇನ್ನು ಮುಂದೆ ದಿನದ ಐದು ನಿಮಿಷ ಬಿಟ್ಟು, ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಕಾಪುವಿನ ತನಕ ಹೋಗಿ ಬನ್ನಿ. ಅಷ್ಟು ಓಟ ಸಾಕು. ಮಕ್ಕಳ ಮನೆಗೆಂದು ತಿಂಗಳುಗಟ್ಟಲೆ ಹೋಗುವಾಗ ಮೈನಸ್ ಟರ್ಮಿನಲ್ ಕಳಚಿಟ್ಟು ಹೋಗಿ. ಇಷ್ಟೆಲ್ಲ ಆದ ಮೇಲೂ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಮರುದಿನ 12.4ಕ್ಕಿಂತ ಕೆಳಗೆ ಜಾರಿದರೆ ಗ್ಯಾರೇಜಿನವರ ಮಾತು ಸರಿಯೆಂದು ಒಪ್ಪಿಕೊಳ್ಳಿ. ಆಗಲೂ ಅಂಗಡಿಗೆ ಹೋಗುವ ಮುನ್ನ ವಾರಂಟಿ ಕಾರ್ಡನ್ನು ಹುಡುಕಿ ತೆಗೆಯಿರಿ. ಎರಡೂವರೆ ವರ್ಷದ ಬ್ಯಾಟರಿಗೆ ಅದರ ಅವಧಿ ಇನ್ನೂ ಮುಗಿಯದೆ ಇರಬಹುದು.