ಐವತ್ತು ರೂಪಾಯಿಗೂ ಮೂರು ವರ್ಷಕ್ಕೂ ನಡುವೆ

ಆತ್ಮೀಯರೇ,

ನೀವು ಮೂಡಿಗೆರೆಯಿಂದ ಕಳಿಸಿದ ‘ಮುಚ್ಚಳಿಕೆ’ ಕಥೆ ಓದಿದೆ. ಕಣದಲ್ಲಿ ಕಾಫಿ ಹರವುವ ಭಾಗ ಚೆನ್ನಾಗಿದೆ. ತಾಯಿಯ ಮಾತು ನಮ್ಮ ಕಡೆಯ ಮಾತೇ. ಆದರೆ ಏಳನೇ ಪುಟಕ್ಕೆ ಬಂದಾಗ ಸಿಟ್ಟು ಬಂತು. ರಾತ್ರಿ ಮತ್ತೆ ತೆಗೆದು ಓದಿದೆ. ಇಳಿಯಲಿಲ್ಲ. ಅದಕ್ಕೇ ಈ ಪತ್ರ.

ನಿಮ್ಮ ಹುಡುಗನಿಗೆ ಇಪ್ಪತ್ತನಾಲ್ಕು ವರ್ಷ. 2019ರಲ್ಲಿ ಎರಡು ಮೂಟೆ ಕಾಫಿ ಚೆರ್ರಿ ಕದ್ದು ಸಿಕ್ಕಿಬೀಳುತ್ತಾನೆ. ಚಿಕ್ಕಮಗಳೂರಿನ ಕೋರ್ಟು ಅವನನ್ನು ಜೈಲಿಗೆ ಕಳಿಸುವುದಿಲ್ಲ. ಎರಡು ವರ್ಷ ಸರಿಯಾಗಿರುತ್ತೇನೆ, ಹೇಳದೆ ಊರು ಬಿಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತದೆ. ಕುಯ್ಲಿನ ಕಾಲ ಬಂದಾಗ ಅವನು ತನ್ನ ನಡತೆ ನೋಡಿಕೊಳ್ಳುವ ಪ್ರೊಬೇಷನ್ ಅಧಿಕಾರಿಗೆ ತಿಳಿಸದೆ ಸಕಲೇಶಪುರದ ತೋಟಕ್ಕೆ ಕೂಲಿಗೆ ಹೋಗುತ್ತಾನೆ. ವಾರಂಟ್ ಬರುತ್ತದೆ. ಇಲ್ಲಿವರೆಗೆ ನನ್ನ ತಕರಾರಿಲ್ಲ.

ಆಮೇಲೆ ಈ ಸಾಲು: ‘ಅಮಾನತಿನಲ್ಲಿದ್ದ ಮೂರು ವರ್ಷದ ಶಿಕ್ಷೆ ಈಗ ಜಾರಿಗೆ ಬಂತು.’

ಯಾವ ಮೂರು ವರ್ಷ? ಕೊಟ್ಟವರು ಯಾರು? 1958ರ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಿಡುವಾಗ ಶಿಕ್ಷೆಯನ್ನು ಹೇಳಿಯೇ ಇರುವುದಿಲ್ಲ. ನೀನು ತಪ್ಪಿತಸ್ಥ ಎಂದಿರುತ್ತಾರೆ, ಅಷ್ಟೇ. ಕರೆದಾಗ ಬಂದು ಶಿಕ್ಷೆ ತಗೊಳ್ತೀನಿ ಅಂತ ಅವನು ಬರೆದುಕೊಟ್ಟಿರುತ್ತಾನೆ. ಅಪೀಲಿನಲ್ಲಿ ಶಿಕ್ಷೆ ಅಮಾನತಾಗುವುದು ಬೇರೆ ವಿಷಯ. ನಿಮ್ಮ ಹುಡುಗ ಸಕಲೇಶಪುರದಲ್ಲಿ ಹಣ್ಣು ಕುಯ್ಯುವಾಗ ಅವನ ಶಿಕ್ಷೆ ಎಷ್ಟು ಅಂತ ಅವನಿಗೂ ಗೊತ್ತಿಲ್ಲ, ಜಡ್ಜಿಗೂ ಗೊತ್ತಿಲ್ಲ. ಇಂಥದ್ದು ಕೈಯಲ್ಲಿರುವಾಗ ಅದನ್ನು ಬಿಟ್ಟು ಸಿನಿಮಾದ ಸಾಲು ಯಾಕೆ ಬರೆದಿರಿ?

ಮುಂದಿನ ಸಾಲು: ‘ಕಾನೂನು ನನ್ನ ಕೈ ಕಟ್ಟಿಹಾಕಿದೆ ಎಂದರು ನ್ಯಾಯಾಧೀಶರು.’

ಇದೇ ನನಗೆ ಜಾಸ್ತಿ ನೋವು ಕೊಟ್ಟ ಸಾಲು. ಷರತ್ತು ಮುರಿದವನ ಬಗ್ಗೆ ಹೇಳುವುದು 9ನೇ ಸೆಕ್ಷನ್. ಅದು ‘ಕೊಡಬಹುದು’ ಅನ್ನುತ್ತದೆ, ‘ಕೊಡಲೇಬೇಕು’ ಅನ್ನುವುದಿಲ್ಲ. ಮೊದಲ ಸಲದ ತಪ್ಪಾದರೆ ಮುಚ್ಚಳಿಕೆಯನ್ನು ಹಾಗೇ ಉಳಿಸಿ, ಐವತ್ತು ರೂಪಾಯಿ ಮೀರದ ದಂಡ ಹಾಕಿ ಕಳಿಸಬಹುದು. 1958ರಲ್ಲಿ ಬರೆದ ಐವತ್ತು ರೂಪಾಯಿ ಅದು. ಇಲ್ಲವಾದರೆ ಮೊದಲಿನ ಕಳ್ಳತನಕ್ಕೇ ಶಿಕ್ಷೆ ಕೊಡಬಹುದು. ಆಗ ಇದ್ದ ಐಪಿಸಿ 379ರಲ್ಲಿ ಕಳ್ಳತನಕ್ಕೆ ಹೆಚ್ಚೆಂದರೆ ಮೂರು ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ. ಕಡಿಮೆಯೆಂದರೆ ಇಷ್ಟು ಅಂತ ಇಲ್ಲವೇ ಇಲ್ಲ. ಆರು ತಿಂಗಳು ಕೊಡಬಹುದು. ಬರೀ ದಂಡ ಹಾಕಬಹುದು. ಕೋರ್ಟ್ ಏಳುವವರೆಗೆ ಕೂರಿಸಿ ಸಂಜೆ ಮನೆಗೆ ಕಳಿಸಬಹುದು. ಕೈ ಕಟ್ಟಿಲ್ಲ ಅನ್ನುವುದೇ ಆ ಮನುಷ್ಯನ ಕಷ್ಟ, ಅಲ್ವಾ? ನೀವು ಅವರನ್ನು ಆ ಕಷ್ಟದಿಂದ ಸುಮ್ನೆ ಪಾರು ಮಾಡಿಬಿಟ್ಟಿರಿ.

ಮತ್ತೊಂದು ಸಾಲು: ‘ಯಾರೂ ಅವನನ್ನು ಏನೂ ಕೇಳಲಿಲ್ಲ.’

ಕೇಳಬೇಕು. ಷರತ್ತು ಮುರಿದದ್ದು ನಿಜವೇ ಎಂದು ವಿಚಾರಣೆ ಮಾಡಿ, ಮನದಟ್ಟಾದ ಮೇಲೆಯೇ ಮುಂದಿನ ಮಾತು.

ನಾನು ಇಪ್ಪತ್ತೆರಡನೇ ವಯಸ್ಸಿನಲ್ಲಿ ಹಾಸನದ ಒಂದು ಸಣ್ಣ ಪತ್ರಿಕೆಗೆ ಕೋರ್ಟ್ ವರದಿ ಬರೆಯುತ್ತಿದ್ದೆ. ಒಂದು ದಿನ ಸೈಕಲ್ ಕದ್ದವನೊಬ್ಬನ ಕೇಸು. ಮುಚ್ಚಳಿಕೆ ಬರೆದುಕೊಟ್ಟು ಹೋದವನು ನಾಲ್ಕು ತಿಂಗಳು ಹಾಜರಿ ಹಾಕಿರಲಿಲ್ಲ. ಮ್ಯಾಜಿಸ್ಟ್ರೇಟರು ‘ಎಲ್ಲಿಗೆ ಹೋಗಿದ್ದೆ?’ ಅಂದರು. ‘ಅಮ್ಮ ಆಸ್ಪತ್ರೆಯಲ್ಲಿದ್ದಳು ಸ್ವಾಮಿ.’ ‘ಯಾವ ವಾರ್ಡು?’ ಹೇಳಿದ. ‘ರಾತ್ರಿ ಜೊತೆಗೆ ಯಾರಿರ್ತಿದ್ರು?’ ‘ನಾನೇ.’ ಅವರು ತುಂಬಾ ಹೊತ್ತು ಬರೆದರು. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಐವತ್ತು ರೂಪಾಯಿ ದಂಡ.

ನಾನು ಓಡಿಬಂದು ‘ಸೈಕಲ್ ಕಳ್ಳನ ಬಿಡುಗಡೆ’ ಎಂದು ಬರೆದುಕೊಟ್ಟೆ. ನಮ್ಮ ಸಂಪಾದಕರು ಹಾಳೆ ತಿರುಗಿಸಿ ಇಟ್ಟರು. ‘ಬಿಡುಗಡೆ ಎಲ್ಲಾಯ್ತು? ಮುಚ್ಚಳಿಕೆ ಇನ್ನೂ ಇದೆ ತಾನೆ? ಎಷ್ಟು ಕೊಡಬಹುದಿತ್ತು, ಎಷ್ಟು ಕೊಟ್ಟರು, ಯಾಕೆ? ಹೋಗಿ ತಿಳ್ಕೊಂಡು ಬಾ.’ ಮರುದಿನ ಬೆಂಚ್ ಕ್ಲರ್ಕ್ ಮುಂದೆ ಎರಡು ಗಂಟೆ ನಿಂತೆ. ಅದೇ ತಿಂಗಳು ಇನ್ನೊಬ್ಬ ಅಂಥದ್ದೇ ತಪ್ಪಿಗೆ ಆರು ತಿಂಗಳು ಒಳಗೆ ಹೋದ ಅಂತ ಗೊತ್ತಾಯಿತು. ಅವನಿಗೆ ಹೇಳಿಕೊಳ್ಳಲು ವಾರ್ಡು ನಂಬರ್ ಇರಲಿಲ್ಲ. ಆ ಎರಡನೆಯವನು ಇವತ್ತಿಗೂ ನನ್ನನ್ನು ಕಾಡುತ್ತಾನೆ. ನಿಮ್ಮ ಕಥೆ ಓದುವಾಗ ಮತ್ತೆ ಬಂದ.

ಇನ್ನೊಂದು. ಮೂರನೇ ಪುಟದಲ್ಲಿ ತಾಯಿ, ‘ಮಗನಿಗೆ ಸರ್ಕಾರಿ ಕೆಲಸ ಆಗ್ಲಿ’ ಎಂದು ದೇವಿರಮ್ಮನಿಗೆ ಹರಕೆ ಹೊರುತ್ತಾಳೆ. ಈ ಕಾಯ್ದೆಯ 12ನೇ ಸೆಕ್ಷನ್ ಹೀಗೆ ಬಿಟ್ಟವನಿಗೆ ಅಪರಾಧಿಯಾದ ಕಾರಣಕ್ಕೆ ಅನರ್ಹತೆ ತಟ್ಟದ ಹಾಗೆ ಕಾಯುತ್ತದೆ. ಆಮೇಲೆ ಕರೆಸಿ ಮೂಲ ಅಪರಾಧಕ್ಕೆ ಶಿಕ್ಷೆ ಕೊಟ್ಟರೆ ಆ ರಕ್ಷಣೆ ಹೋಗುತ್ತದೆ. ಒಂದು ದಿನದ ಶಿಕ್ಷೆಯಾದರೂ ಹೋಗುತ್ತದೆ. ಹರಕೆ ಹೊತ್ತವಳು ಕೋರ್ಟಿನ ಬಾಗಿಲಲ್ಲಿ ನಿಂತಿದ್ದಾಳೆ, ನೀವು ಅವಳನ್ನು ನೋಡಲೇ ಇಲ್ಲ.

ಕಥೆ ವಾಪಸ್ ಕಳಿಸಿದ್ದೇನೆ, ಬೇಡ ಅಂತಲ್ಲ. ಒಂದು ವಾರ ನಿಮ್ಮೂರ ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಏಳನೇ ಪುಟದ ಮಧ್ಯೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಅದರ ಕೆಳಗಿನದ್ದೆಲ್ಲ ತೆಗೆಯಿರಿ. ಅಲ್ಲಿ ನ್ಯಾಯಾಧೀಶರು ಹುಡುಗನ ಕಡೆ ತಿರುಗಿ, ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳಲಿ.