ಎಲ್ಲರೂ ಹೇಳಿದ್ದನ್ನೇ ನಾನೂ ಹೇಳಿದ್ದೆ

ಇವರು ಮಂಡ್ಯ ಹತ್ತಿರದ ಒಂದು ಹಳ್ಳಿಯವರು. ವಯಸ್ಸು ಐವತ್ತರ ಆಸುಪಾಸು, ಸ್ವಂತ ಆಲೆಮನೆ ಇದೆ. ಇಲ್ಲಿ ಅವರನ್ನು ಯಜಮಾನರು ಅಂತ ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಮೂರು ತಿಂಗಳಿಂದ ನಿದ್ದೆ ಇಲ್ಲ ಅಂತ ಬಂದಿದ್ದರು. ಬಿಪಿ, ಶುಗರ್, ಇಸಿಜಿ ಎಲ್ಲ ನೋಡಿದ ಡಾಕ್ಟರು, ಆಪ್ತಸಲಹೆ ಮಾಡುವ ನನ್ನ ಹತ್ತಿರ ಕಳಿಸಿದ್ದರು. ಊಟ ಸೇರುವುದಿಲ್ಲ, ಹೆಂಡತಿ ಮೇಲೆ ಸುಮ್ಸುಮ್ನೆ ರೇಗುತ್ತಾರೆ. ಕೇಳುತ್ತಾ ಹೋದಾಗ ವಿಷಯ ಹೊರಗೆ ಬಂತು. ಇವರ ತಮ್ಮ ಬೆಂಗಳೂರಿನಲ್ಲಿದ್ದಾನೆ, ಅವನು ಆಸ್ತಿಯಲ್ಲಿ ಭಾಗ ಕೇಳಿದ್ದಾನೆ. ಅಪ್ಪ ತೀರಿಕೊಂಡಾಗ ಇವರಿಗೆ ಹತ್ತೊಂಬತ್ತು ವರ್ಷ. ಅವತ್ತು ಓದು ಬಿಟ್ಟು ಆಲೆಮನೆಗೆ ನಿಂತವರು, ತಂಗಿಯರ ಮದುವೆ, ಬಾಣಂತನ, ಈ ತಮ್ಮನ ಇಂಜಿನಿಯರಿಂಗು, ಎಲ್ಲವನ್ನೂ ತಾವೇ ಹೊತ್ತಿದ್ದರು.

"ಕೋಪ ಏನಿಲ್ಲ ಮೇಡಂ. ಅವನ ಹಕ್ಕು ಅವನು ಕೇಳ್ತಾನೆ. ಕೊಡ್ಲಾ ಬೇಡ್ವಾ, ನೀವೇ ಹೇಳಿ."

ನಾನು ಹೇಳಿದೆ. ಸಂಜೆ ಮೇಲೆ ಕಾಫಿ ಬಿಡಿ, ತಮ್ಮನ ಜೊತೆ ಕೂತು ಮಾತಾಡಿ, ಒಬ್ಬ ವಕೀಲರನ್ನು ನೋಡಿ. ಯಾವುದೂ ತಪ್ಪು ಸಲಹೆ ಅಲ್ಲ. ಸಾಯುವ ಯೋಚನೆ ಬರುತ್ತಾ ಅಂತಲೂ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತೆ ಅಂತ ಬಹಳ ಜನ ಹೆದರುತ್ತಾರೆ, ಹಾಗಾಗುವುದಿಲ್ಲ. ಇವರು ಇಲ್ಲ ಅಂದರು. ಆದರೂ ರಾತ್ರಿ ಹೊತ್ತು ತೀರಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತ ಬರೆದುಕೊಟ್ಟೆ.

ಮುಂದಿನ ವಾರ ಬಂದರು. ಹೇಳಿದ್ದರಲ್ಲಿ ಒಂದನ್ನೂ ಮಾಡಿರಲಿಲ್ಲ. "ನೀವು ಹೇಳಿದ್ದೆಲ್ಲ ಸರಿಯಾಗೇ ಐತೆ ಮೇಡಂ. ನಮ್ಮೂರಲ್ಲೂ ಎಲ್ಲಾರೂ ಅದನ್ನೇ ಹೇಳಿದ್ರು" ಅಂದರು.

ಆ ಮಾತು ನನಗೆ ಚೆನ್ನಾಗಿ ನಾಟಿತು. ಊರಿನ ಕಟ್ಟೆ ಮೇಲೆ ಸಿಗುವುದೇ ನನ್ನ ಹತ್ತಿರವೂ ಸಿಗುವುದಾದರೆ ಅವರು ಕೆಲಸ ಬಿಟ್ಟು, ಬಸ್ ಹತ್ತಿ ಇಲ್ಲಿಗೆ ಯಾಕೆ ಬರಬೇಕು?

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಒಂದು ಲೇಖನ ಬರೆದರು. ಮನುಷ್ಯ ಬದಲಾಗುವುದಕ್ಕೆ ಎದುರಿಗಿರುವವರಿಂದ ಏನು ಸಿಗಬೇಕು ಅನ್ನುವುದು ಅದರ ವಿಷಯ. ಅದರಲ್ಲಿ ಮುಖ್ಯವಾಗಿ ಮೂರು ಮಾತಿವೆ. ಅವರ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು, ಷರತ್ತು ಹಾಕದೆ ಒಪ್ಪಿಕೊಳ್ಳುವುದು, ನಾವು ಒಳಗೊಂದು ಹೊರಗೊಂದು ಆಗದಿರುವುದು. ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ದಾರಿಯಲ್ಲಿ, ಬಂದವರ ಮಾತಿಗೆ ಅರ್ಥ ಹೇಳುವವರು ಚಿಕಿತ್ಸಕರು, ವರ್ತನೆಯ ದಾರಿಯಲ್ಲಿ ಅಭ್ಯಾಸ ತಿದ್ದುವವರೂ ಅವರೇ. ರೋಜರ್ಸ್ ಮಾತ್ರ, ಎಲ್ಲಿ ನೋಯುತ್ತೆ ಅಂತ ಬಂದವರಿಗೇ ಗೊತ್ತಿರುತ್ತೆ ಅಂತ ನಂಬಿ ಶುರು ಮಾಡಿದರು. 'ರೋಗಿ' ಅನ್ನುವ ಪದವನ್ನೂ ಬಿಟ್ಟರು. ಇವತ್ತು ಬೇರೆ ಪದ್ಧತಿಯವರೂ ಮೊದಲು ಸಂಬಂಧ ಕಟ್ಟಿ, ಆಮೇಲೆ ತಂತ್ರ ಅನ್ನುತ್ತಾರಲ್ಲ, ಅದರ ಹಿಂದೆ ಈ ನಂಬಿಕೆಯ ಪಾಲು ದೊಡ್ಡದು. ಇದನ್ನೆಲ್ಲ ಓದಿಯೂ ನಾನು ಮೊದಲ ದಿನವೇ ಅವಸರ ಮಾಡಿದ್ದೆ.

ಅದನ್ನು ಅವರಿಗೇ ಹೇಳಿದೆ. "ಹೋದ ವಾರ ನಿಮ್ಮ ನೋವು ಪೂರ್ತಿ ಕೇಳೋಕ್ಕೆ ಮುಂಚೆ ನಾನು ದಾರಿ ಹೇಳಿಬಿಟ್ಟೆ. ಇವತ್ತು ಕೇಳ್ತೀನಿ." ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದರು.

ಕೇಳುವುದು ಅಂದರೆ ಹೇಳಿದ್ದನ್ನೇ ಗಿಣಿಯ ಹಾಗೆ ತಿರುಗಿ ಹೇಳುವುದು ಅಂತ ಕೆಲವರು ತಿಳಿದಿದ್ದಾರೆ. ರೋಜರ್ಸ್‌ಗೆ ಅದನ್ನು ನೋಡಿ ಬೇಜಾರಿತ್ತು. ತಾನು ಅರ್ಥ ಮಾಡಿಕೊಂಡಿದ್ದು ಸರಿಯಾ ಅಂತ ಕೇಳಿ ನೋಡುವುದಷ್ಟೇ ತನ್ನ ಉದ್ದೇಶ ಅಂತ 1986ರಲ್ಲಿ ಸ್ಪಷ್ಟವಾಗಿ ಬರೆದರು. ನಾನೂ ಹಾಗೇ ಕೇಳಿದೆ: "ಹಕ್ಕು ಅವನದು ಅಂತ ಒಪ್ತೀರಿ, ಆದ್ರೂ ಒಳಗೆ ಏನೋ ಒಪ್ತಿಲ್ಲ. ನಾನು ತಿಳ್ಕೊಂಡಿದ್ದು ಸರೀನಾ?"

"ಹೂಂ. ಇಲ್ಲಿ" ಅಂತ ಎದೆ ಮೇಲೆ ಕೈ ಇಟ್ಟರು.

ರೋಜರ್ಸ್ ಜೊತೆ ಕೆಲಸ ಮಾಡಿದ ಯುಜೀನ್ ಜೆಂಡ್ಲಿನ್ ಅಂತ ಒಬ್ಬರಿದ್ದರು. ಆಪ್ತಸಲಹೆಯ ಧ್ವನಿಮುದ್ರಣಗಳನ್ನು ಕೇಳಿ ಒಂದು ವಿಷಯ ಗಮನಿಸಿದರು. ಪಟಪಟ ಅಂತ ವಿವರಣೆ ಕೊಡುವವರಿಗಿಂತ, ತಡೆದು ತಡೆದು, ಒಳಗಿನ ಆ ಮಸುಕು ಮಸುಕಾದ ಅನಿಸಿಕೆಗೆ ಪದ ಹುಡುಕುವವರೇ ಹೆಚ್ಚು ಸುಧಾರಿಸುತ್ತಾರೆ. ಹಾಗಾಗಿ ನಾನು ಸುಮ್ಮನೆ ಕೂತೆ. ಅದು ಸಿಟ್ಟಾ, ಭಯಾನಾ, ಇನ್ನೇನಾದರೂನಾ, ಸರಿಯಾದ ಪದ ಸಿಗೋವರೆಗೂ ನೋಡಿ ಅಂದೆ. ಮೂರು ನಾಲ್ಕು ನಿಮಿಷ ಆಗಿರಬಹುದು.

"ಸಿಟ್ಟಲ್ಲ ಮೇಡಂ. ಅವನು ಒಂದು ಲೆಕ್ಕ ಬರ್ಕೊಂಡು ಬಂದಿದ್ದ. ಗದ್ದೆ ಎಷ್ಟು, ಆಲೆಮನೆ ಎಷ್ಟು, ಸೈಟು ಎಷ್ಟು ಅಂತ. ಅದ್ರಲ್ಲಿ... ನಾನೇ ಇರ್ಲಿಲ್ಲ."

ಹೇಳಿ ಅತ್ತರು. ಮೂವತ್ತು ವರ್ಷ ಕೊಪ್ಪರಿಗೆ ಮುಂದೆ ಬೆಂದವರು. ದೊಡ್ಡ ಮಗ ಅಳಬಾರದು, ದೊಡ್ಡ ಮಗ ಕೇಳಬಾರದು ಅಂತಲೇ ಬೆಳೆದಿದ್ದರು. ಹೀಗಿದ್ದರೆ ಮಾತ್ರ ನೀನು ಒಳ್ಳೆಯವನು ಅನ್ನುವ ಈ ಷರತ್ತುಗಳು ಮನುಷ್ಯನನ್ನು ಅವನ ಅನುಭವದಿಂದಲೇ ದೂರ ಮಾಡುತ್ತವೆ ಅಂತ ರೋಜರ್ಸ್ ಹೇಳಿದ್ದು ಇದನ್ನೇ. "ಕೋಪ ಏನಿಲ್ಲ" ಅಂದಾಗ ಯಜಮಾನರು ಸುಳ್ಳು ಹೇಳಿರಲಿಲ್ಲ. ಅವರಿಗೇ ಕಾಣುತ್ತಿರಲಿಲ್ಲ.

ಆಮೇಲೆ ಸಲಹೆ ಕೊಟ್ಟೆ. ನಮ್ಮ ಕಡೆ ದಾರಿ ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಅದು ಅವರಿಗೆ ಅಸಡ್ಡೆಯ ಹಾಗೇ ಕಾಣುತ್ತೆ ಅಂತ ನನ್ನ ಅನುಭವ. ಆದರೆ ಈ ಸಲ ಅವರ ಮಾತಿನಿಂದಲೇ ಹೊರಟೆ. ಭಾಗದ ಬಗ್ಗೆ ಒಂದು ತಿಂಗಳು ಹೂಂ ಅಂತಲೂ ಬೇಡ, ಊಹೂಂ ಅಂತಲೂ ಬೇಡ. ಕಾಗದಕ್ಕೆ ಸಹಿ ಹಾಕಬೇಡಿ. ಇಲ್ಲಿ ಹೇಳಿದ ಆ ಒಂದು ಮಾತನ್ನು ಮೊದಲು ಮನೆಯವರಿಗೆ ಹೇಳಿ. ತಮ್ಮನಿಗೆ ಹೇಳಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟಿದ್ದು; ಹೇಳುವುದಾದರೆ ಜಮೀನಿನ ಮಾತು ಅದರೊಳಗೆ ಸೇರಿಸಬೇಡಿ. ನಿದ್ದೆ ಎರಡು ವಾರದಲ್ಲಿ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡೋಣ, ಮಾತ್ರೆ ಬೇಕಾದಾಗ ಮಾತು ಸಾಲದು.

ನಾಲ್ಕನೇ ಸಲ ಬಂದಾಗ ಹೆಂಡತಿಯೂ ಜೊತೆಗಿದ್ದರು. "ಇಷ್ಟು ವರ್ಷ ಇವರ ಬಾಯಲ್ಲಿ ಇಂಥ ಮಾತು ನಾನು ಕೇಳಿರ್ಲಿಲ್ಲ" ಅಂದರು ಆಕೆ. ಯಜಮಾನರು ತಮ್ಮನಿಗೆ ಫೋನ್ ಮಾಡಿದ್ದರಂತೆ. ಆ ಕಡೆ ಬಹಳ ಹೊತ್ತು ಮಾತೇ ಇಲ್ಲ. ಆಮೇಲೆ, "ಅಣ್ಣ, ನಾನು ಅದನ್ನ ಯೋಚ್ನೆನೇ ಮಾಡಿರ್ಲಿಲ್ಲ."

ಭಾಗ ಇನ್ನೂ ಆಗಿಲ್ಲ. ಕೊಡುವುದು ಅಂತ ಅವರೇ ತೀರ್ಮಾನ ಮಾಡಿದ್ದಾರೆ, ಆಲೆಮನೆ ಮಾತ್ರ ತನಗೇ ಬೇಕು ಅಂತ ಮೊದಲ ಸಲ ಬಾಯಿಬಿಟ್ಟು ಕೇಳಿದ್ದಾರೆ. ರಾತ್ರಿ ಐದು ಗಂಟೆ ನಿದ್ದೆ ಬರುತ್ತಿದೆ.